ಔಷಧಿಗೆ ಗಡ್ಡೆಯ ವಿಳಾಸ ಗೊತ್ತಿರುವುದಿಲ್ಲ

ಈಗಷ್ಟೇ ಮತ್ತೊಂದು ಅನಿಮೇಷನ್ ವಿಡಿಯೋ ನೋಡಿದೆ. ನೀಲಿ ಬಣ್ಣದ ಔಷಧಿ ಕಣಗಳು ರಕ್ತನಾಳದಿಂದ ಹೊರಬಿದ್ದು, ಆಮ್ಲಜನಕ ಕಡಿಮೆ ಇರುವ ಕ್ಯಾನ್ಸರ್ ಗಡ್ಡೆಯ ನಡುವಿಗೇ ನುಗ್ಗುತ್ತವೆ. ಪಕ್ಕದ ಆರೋಗ್ಯವಂತ ಜೀವಕೋಶಗಳತ್ತ ತಿರುಗಿಯೂ ನೋಡುವುದಿಲ್ಲ. ಎಷ್ಟು ಸಭ್ಯ ಔಷಧಿ! ನನಗೆ ಈ ಸಿಟ್ಟು ಹೊಸದಲ್ಲ. ಆದರೂ ಕೇಳಿಸಿಕೊಳ್ಳಿ.

ಆಮ್ಲಜನಕ ಕಡಿಮೆ ಇದ್ದಲ್ಲಿ ಹೆಚ್ಚು ಚುರುಕಾಗುವ, ಅಂದರೆ ಹೆಚ್ಚು ಕೆಲಸ ಮಾಡುವ ಔಷಧಿಗಳ ಮಾತು ಇದು. ರಕ್ತ ಹೋದಲ್ಲೆಲ್ಲ ಔಷಧಿಯೂ ಹೋಗುತ್ತದೆ. ಯಕೃತ್ತಿಗೆ, ಮೂತ್ರಪಿಂಡಕ್ಕೆ, ಕರುಳಿಗೆ, ಎಲ್ಲದಕ್ಕೂ. ಗಡ್ಡೆಯಲ್ಲಿ ಆಮ್ಲಜನಕ ಇಲ್ಲದ ಜಾಗ ಅಂದರೆ ಸಾಮಾನ್ಯವಾಗಿ ರಕ್ತನಾಳದಿಂದ ದೂರದ ಜಾಗ. ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ಸಂಶೋಧಕರು 1955ರಲ್ಲೇ ಶ್ವಾಸಕೋಶದ ಗಡ್ಡೆಗಳನ್ನು ನೋಡಿ ಇದನ್ನು ಲೆಕ್ಕ ಹಾಕಿದ್ದರು. ಆಮ್ಲಜನಕ ಸುಮಾರು 100ರಿಂದ 200 ಮೈಕ್ರೋಮೀಟರ್ ಒಳಗೇ ಖಾಲಿ. ಔಷಧಿ ಮಾತ್ರ ಅಷ್ಟು ದೂರ ಸಲೀಸಾಗಿ ಹೋಗಿಬಿಡುತ್ತದಾ? ಇಂಥದ್ದೇ ಒಂದು ಔಷಧಿ ಟಿರಾಪಜಮೈನ್ ಸೋತದ್ದಕ್ಕೆ ಇದೂ ಒಂದು ಕಾರಣ. ದಾರಿಯಲ್ಲಿನ ಕೋಶಗಳೇ ಅದನ್ನು ಮುಗಿಸಿಬಿಡುತ್ತವೆ. ದೂರದ ಯಾವ ಕೋಶಗಳಿಗೆ ಜಾಸ್ತಿ ಬೇಕೋ ಅವಕ್ಕೇ ಕಡಿಮೆ.

ಇನ್ನು ಆ 'ಆರೋಗ್ಯವಂತ' ಕೋಶಗಳು. ಯಕೃತ್ತಿನಲ್ಲಿ ಕೇಂದ್ರ ಅಭಿಧಮನಿಯ ಸುತ್ತ ಆಮ್ಲಜನಕ ಕಡಿಮೆಯೇ. ಅಸ್ಥಿಮಜ್ಜೆಯಲ್ಲೂ ಹಾಗೆಯೇ. ಹಾಗಾಗಿ ಔಷಧಿ ಅಲ್ಲೂ ಒಂದಿಷ್ಟು ಚುರುಕಾಗಬಹುದು. ಇದೇ ಬಗೆಯ ಇನ್ನೊಂದು ಔಷಧಿ ಪಿಆರ್-104 ಕಥೆ ಇನ್ನೂ ತಮಾಷೆ. ಎಕೆಆರ್1ಸಿ3 ಎಂಬ ಕಿಣ್ವ ಆಮ್ಲಜನಕ ಇದ್ದರೂ ಅದನ್ನು ಚುರುಕು ಮಾಡುತ್ತದೆ. ಆಮ್ಲಜನಕ ಕಡಿಮೆ ಇರುವ ಕೋಶಗಳ ಮೇಲೆ ವಿಕಿರಣ ಚಿಕಿತ್ಸೆಯ ಪರಿಣಾಮ ಹೆಚ್ಚಿಸುವ ಮಿಸೋನಿಡಜೋಲ್ ಅಂತೂ ನರಗಳಿಗೇ ಪೆಟ್ಟು ಕೊಟ್ಟಿತು, ಅದರಿಂದ ಡೋಸ್ ಏರಿಸಲು ಆಗಲಿಲ್ಲ. ಆಮ್ಲಜನಕ ಕಡಿಮೆ ಇರುವ ಜಾಗ ತೋರಿಸುವ ವಿಕಿರಣಶೀಲ ಪದಾರ್ಥ ಎಫ್‌ಮಿಸೋ ಹಾಕಿ ಪೆಟ್ ಸ್ಕ್ಯಾನ್ ಮಾಡಿದರೆ ಮೂತ್ರಕೋಶ ಹೊಳೆಯುತ್ತದೆ. ಅಲ್ಲಿ ಗಡ್ಡೆ ಇದೆ ಅಂತಲ್ಲ ಮಾರಾಯರೇ, ದೇಹ ಅದನ್ನು ಹೊರಹಾಕುತ್ತಿದೆ ಅಷ್ಟೇ. ಎರಡರಿಂದ ನಾಲ್ಕು ಗಂಟೆ ಕಾದು ಚಿತ್ರ ತೆಗೆಯುವುದೂ ಉಳಿದ ಅಂಗಾಂಶಗಳಿಂದ ಅದು ಇಳಿಯಲಿ ಅಂತಲೇ.

'ಜನರಿಗೆ ಸರಳವಾಗಿ ಹೇಳಬೇಕಲ್ವಾ' ಅನ್ನುತ್ತೀರಿ. ಹೇಳಿ, ಯಾರು ಬೇಡ ಅಂದರು? 'ಎಲ್ಲ ಕಡೆ ಹೋಗುತ್ತದೆ, ಆಮ್ಲಜನಕ ಕಡಿಮೆ ಇದ್ದಲ್ಲಿ ಜಾಸ್ತಿ ಕೆಲಸ ಮಾಡುತ್ತದೆ.' ಇದರಲ್ಲಿ ಅರ್ಥವಾಗದ್ದು ಏನಿದೆ?

ನಿಜ ಹೇಳಲಾ? ಈ ಔಷಧಿಗಳ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಇಷ್ಟು ಉರಿ. ಮಿಸೋನಿಡಜೋಲ್‌ನ ಹಾಗೆ ವಿಕಿರಣಕ್ಕೆ ನೆರವಾಗುವ ನಿಮೊರಾಜೋಲ್ ಡೆನ್ಮಾರ್ಕ್‌ನಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ವಿಕಿರಣದ ಜೊತೆ ಇವತ್ತಿಗೂ ಬಳಕೆಯಲ್ಲಿದೆ. ಆದರೆ ಆಮ್ಲಜನಕ ಕಡಿಮೆ ಇದ್ದಲ್ಲಿ ಚುರುಕಾಗುವ ಇವೊಫಾಸ್ಫಮೈಡ್‌ನ ಎರಡು ದೊಡ್ಡ ಪ್ರಯೋಗಗಳು 2015ರಲ್ಲಿ ಗುರಿ ಮುಟ್ಟಲಿಲ್ಲ. ಯಾರ ಗಡ್ಡೆಯಲ್ಲಿ ಆಮ್ಲಜನಕ ಕಡಿಮೆ ಇದೆ ಅಂತ ನೋಡಿ ರೋಗಿಗಳನ್ನು ಆರಿಸಿರಲೇ ಇಲ್ಲ. ಗಡ್ಡೆಯನ್ನೇ ಅಳೆಯದೆ ಔಷಧಿಯನ್ನು ಬೈದು ಏನು ಪ್ರಯೋಜನ?