ಎರಡು ಬಾಗಿಲಿನ ಡೇರೆ ಮತ್ತು ಕೊಡಗಿನ ಜನರಲ್

ಶೀತಲ ಸಮರದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಅಭಿಪ್ರಾಯಗಳು ತಪ್ಪದೆ ಕೇಳಿಬರುತ್ತವೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎದುರುಬದುರು ನಿಂತು ಹೋರಾಡಲಿಲ್ಲವಾದ್ದರಿಂದ ಅದು ಹೆಸರಿಗಷ್ಟೇ ಸಮರ ಎಂಬುದು ಮೊದಲನೆಯದು. ಆ ಕಾಲದಲ್ಲಿ ಭಾರತ ಹಿಡಿದ ಅಲಿಪ್ತ ನೀತಿ ಅಡ್ಡಗೋಡೆಯ ಮೇಲೆ ದೀಪವಿಟ್ಟ ಜಾಣತನವಾಗಿತ್ತು ಎಂಬುದು ಎರಡನೆಯದು. ಇವೆರಡನ್ನೂ ನಾನು ಒಪ್ಪದಿರುವುದಕ್ಕೆ ಕಾರಣ ಕೊರಿಯಾ. ಅದರಲ್ಲೂ 1953ರ ಸೆಪ್ಟೆಂಬರ್‌ನಿಂದ ಮುಂದಿನ ಜನವರಿಯವರೆಗೆ, ಪನ್‌ಮುಂಜೊಮ್ ಬಳಿಯ ಸೇನಾಮುಕ್ತ ವಲಯದಲ್ಲಿ, ಮುಳ್ಳುತಂತಿಯ ಬೇಲಿಗಳ ನಡುವೆ ನಡೆದ ಒಂದು ವಿಚಿತ್ರ ವಿಚಾರಣೆ. ಅದರ ಅಧ್ಯಕ್ಷತೆ ವಹಿಸಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯ. ಜೊಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ತಿಮ್ಮಯ್ಯ, ಕೃಷ್ಣ ಮೆನನ್ ಜೊತೆ ಮುನಿಸಿಕೊಂಡು 1959ರಲ್ಲಿ ರಾಜೀನಾಮೆ ಕೊಟ್ಟು ಹಿಂದಕ್ಕೆ ಪಡೆದ ತಿಮ್ಮಯ್ಯ ನಮಗೆಲ್ಲ ಗೊತ್ತು. ಕೊರಿಯಾದ ತಿಮ್ಮಯ್ಯ ಅಷ್ಟಾಗಿ ಗೊತ್ತಿಲ್ಲ.

ಮೊದಲು ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1910ರಿಂದ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾವನ್ನು 1945ರ ಆಗಸ್ಟ್‌ನ ಒಂದು ರಾತ್ರಿ ವಾಷಿಂಗ್ಟನ್ನಿನಲ್ಲಿ ಇಬ್ಬರು ಸೇನಾಧಿಕಾರಿಗಳು ನ್ಯಾಷನಲ್ ಜಿಯೊಗ್ರಾಫಿಕ್‌ನ ಭೂಪಟವೊಂದನ್ನು ಮುಂದಿಟ್ಟುಕೊಂಡು 38ನೇ ಅಕ್ಷಾಂಶದಲ್ಲಿ ಎರಡಾಗಿ ಭಾಗಿಸಿದರು. ಅವರಲ್ಲೊಬ್ಬರಾದ ಡೀನ್ ರಸ್ಕ್ ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದರು. ಶರಣಾಗುವ ಜಪಾನಿ ಸೈನಿಕರು ಗೆರೆಯ ಉತ್ತರಕ್ಕೆ ಸೋವಿಯತ್ ಸೇನೆಗೆ, ದಕ್ಷಿಣಕ್ಕೆ ಅಮೆರಿಕದ ಸೇನೆಗೆ ಆಯುಧ ಒಪ್ಪಿಸಲಿ ಎಂಬುದಷ್ಟೇ ಅದರ ಉದ್ದೇಶವಾಗಿತ್ತು. ಮೂರೇ ವರ್ಷಗಳಲ್ಲಿ ಗೆರೆಯ ಎರಡೂ ಬದಿ ಎರಡು ಸರ್ಕಾರಗಳು ಎದ್ದವು, ಎರಡೂ ಇಡೀ ಕೊರಿಯಾ ತನ್ನದೆಂದವು. 1950ರ ಜೂನ್ 25ರಂದು ಉತ್ತರದ ನಾಯಕ ಕಿಮ್ ಇಲ್ ಸುಂಗ್‌ನ ಸೇನೆ ಗೆರೆ ದಾಟಿತು. ಉತ್ತರದ ಆಕ್ರಮಣವನ್ನು ಖಂಡಿಸಿದ ಭದ್ರತಾ ಮಂಡಳಿಯ ನಿರ್ಣಯಕ್ಕೆ ಭಾರತ ಮತ ಹಾಕಿತೆಂಬುದನ್ನು ಅಲಿಪ್ತ ನೀತಿಯನ್ನು ಹೀಯಾಳಿಸುವವರು ಮರೆಯುತ್ತಾರೆ. ಭಾರತ ಹೋರಾಡುವ ಪಡೆಯನ್ನು ಕಳಿಸಲಿಲ್ಲ. ದಕ್ಷಿಣದ ನೆರವಿಗೆ ಅಮೆರಿಕದ ನೇತೃತ್ವದಲ್ಲಿ ಬಂದ ವಿಶ್ವಸಂಸ್ಥೆಯ ಸೇನೆಯ ಜೊತೆ ಕೆಲಸ ಮಾಡಲು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನೇತೃತ್ವದಲ್ಲಿ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು ಕಳಿಸಿತು.

ಅದೇ ವರ್ಷದ ಅಕ್ಟೋಬರ್ ಆರಂಭದಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲೈ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿ, ಅಮೆರಿಕದ ಸೇನೆ 38ನೇ ಅಕ್ಷಾಂಶವನ್ನು ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆ ಎಂದು ತಿಳಿಸಿದರು. ದೆಹಲಿ ಆ ಮಾತನ್ನು ಮುಟ್ಟಿಸಿತು. ಪಣಿಕ್ಕರ್ ಕಮ್ಯುನಿಸ್ಟರ ಕಡೆ ವಾಲಿದವರೆಂದು ವಾಷಿಂಗ್ಟನ್ ಅದನ್ನು ತಳ್ಳಿಹಾಕಿತು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಚೀನೀ ಸೈನಿಕರು ಯಾಲು ನದಿಯನ್ನು ದಾಟಿಯಾಗಿತ್ತು. ಸುದ್ದಿ ತಂದವನ ಮುಖ ನೋಡಿ ಸುದ್ದಿಯ ಬೆಲೆ ಕಟ್ಟುವ ಈ ಅಭ್ಯಾಸ ಆ ಕಾಲದ ಎರಡೂ ಬಣಗಳಿಗೆ ಅಂಟಿದ ರೋಗವಾಗಿತ್ತು. (ಇಂದು ಅದು ವಾಸಿಯಾಗಿದೆ ಎಂದು ಹೇಳುವ ಧೈರ್ಯ ನನಗಿಲ್ಲ.)

1951ರ ಜುಲೈನಲ್ಲಿ ಕದನವಿರಾಮದ ಮಾತುಕತೆ ಆರಂಭವಾಯಿತು. ಸೇನೆಗಳು ಹೆಚ್ಚುಕಡಿಮೆ ಹೊರಟ ಜಾಗದ ಸುತ್ತಮುತ್ತಲೇ ಬಂದು ನಿಂತಿದ್ದವು. ಗಡಿಯ ಪ್ರಶ್ನೆಯೂ ಬಹುಮಟ್ಟಿಗೆ ಬಗೆಹರಿಯಿತು. ಆದರೂ ಸಹಿ ಬೀಳುವುದಕ್ಕೆ ಎರಡು ವರ್ಷ ಬೇಕಾಯಿತು, ಮತ್ತು ಅದರ ಬಹುಭಾಗವನ್ನು ನುಂಗಿದ್ದು ಒಂದೇ ಪ್ರಶ್ನೆ: ತಾಯ್ನಾಡಿಗೆ ಮರಳಲು ಒಲ್ಲದ ಯುದ್ಧಕೈದಿಯನ್ನು ಏನು ಮಾಡಬೇಕು? 1949ರ ಜಿನೀವಾ ಒಪ್ಪಂದದ 118ನೇ ವಿಧಿ ಸ್ಪಷ್ಟವಾಗಿತ್ತು. ಕಾದಾಟ ನಿಂತ ಕೂಡಲೇ ಕೈದಿಗಳನ್ನು ಬಿಡುಗಡೆ ಮಾಡಿ ಅವರ ದೇಶಕ್ಕೆ ತಡಮಾಡದೆ ಕಳಿಸಬೇಕು. ಕಮ್ಯುನಿಸ್ಟ್ ಕಡೆಯವರು ಹಿಡಿದದ್ದು ಈ ವಿಧಿಯನ್ನು. ಬಲವಂತವಾಗಿ ಯಾರನ್ನೂ ಕಳಿಸಲಾಗದು ಎಂಬುದು ಅಧ್ಯಕ್ಷ ಟ್ರೂಮನ್ ಹಿಡಿದ ಪಟ್ಟು. 1952ರ ಏಪ್ರಿಲ್‌ನಲ್ಲಿ ಕೈದಿಗಳನ್ನು ಒಬ್ಬೊಬ್ಬರಾಗಿ ವಿಚಾರಿಸಿದ ವಿಶ್ವಸಂಸ್ಥೆಯ ಕಮಾಂಡ್, ಮರಳಲು ಒಪ್ಪುವವರು ಸುಮಾರು 70,000 ಮಾತ್ರ ಎಂದು ಹೇಳಿದಾಗ ಎದುರು ಪಕ್ಷ ಕೆರಳಿತು. ಅದು ಇದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯ ನಿರೀಕ್ಷೆಯಲ್ಲಿತ್ತು.

ಇಲ್ಲಿ ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ತತ್ತ್ವದ ಮಟ್ಟದಲ್ಲಿ ನಾನು ಟ್ರೂಮನ್ ಪಕ್ಷ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ತಮ್ಮ ವಶದಲ್ಲಿದ್ದ ಸೋವಿಯತ್ ಪ್ರಜೆಗಳನ್ನು ಸ್ಟಾಲಿನ್‌ಗೆ ಬಲವಂತವಾಗಿ ಒಪ್ಪಿಸಿದ್ದವು. ಹೋಗಲೊಲ್ಲದೆ ಪ್ರಾಣ ಕಳೆದುಕೊಂಡವರಿದ್ದರು, ಹೋದವರಲ್ಲಿ ಎಷ್ಟೋ ಮಂದಿ ಶಿಬಿರಗಳ ಪಾಲಾದರು. ಆ ಪಾಪ ಮತ್ತೆ ಬೇಡ ಎನ್ನುವುದರಲ್ಲಿ ತಪ್ಪಿಲ್ಲ. ಆದರೆ ಇಷ್ಟವಿದ್ದವರು ಹೋಗಲಿ ಎನ್ನುವ ತತ್ತ್ವ ನಿಲ್ಲಬೇಕಾದರೆ ಆ ಇಷ್ಟವನ್ನು ನಿರ್ಭಯವಾಗಿ ಹೇಳುವ ಜಾಗವೊಂದು ಇರಬೇಕು. ವಿಶ್ವಸಂಸ್ಥೆಯ ಕಮಾಂಡ್ ನಡೆಸುತ್ತಿದ್ದ ಕೊಜೆ ದ್ವೀಪದ ಕೈದಿಶಿಬಿರಗಳಲ್ಲಿ ಅಂಥ ಜಾಗ ಇರಲಿಲ್ಲ. ಕಮ್ಯುನಿಸ್ಟರ ಹಿಡಿತದಲ್ಲಿದ್ದ ಆವರಣಗಳಲ್ಲಿ ಕೈದಿಗಳೇ ನ್ಯಾಯಾಲಯ ನಡೆಸಿ, ಪಕ್ಷದ್ರೋಹಿ ಎನಿಸಿದವರನ್ನು ಕೊಲ್ಲುತ್ತಿದ್ದರು. 1952ರ ಮೇ ತಿಂಗಳಲ್ಲಿ ಅವರು ಶಿಬಿರದ ಕಮಾಂಡರ್ ಬ್ರಿಗೇಡಿಯರ್ ಜನರಲ್ ಡಾಡ್ ಅವರನ್ನೇ ಸೆರೆಹಿಡಿದರು. ಇನ್ನೊಂದು ಬಗೆಯ ಆವರಣಗಳಲ್ಲಿ, ಮಾವೋಗೆ ಸೋತು ತೈವಾನಿಗೆ ಹಿಮ್ಮೆಟ್ಟಿದ್ದ ಚಿಯಾಂಗ್ ಕೈ-ಶೆಕ್‌ನ ಸೇನೆಯಲ್ಲಿ ಹಿಂದೆ ಇದ್ದು ಅನಂತರ ಮಾವೋನ ಸೇನೆಗೆ ಸೇರಿಸಲ್ಪಟ್ಟಿದ್ದ ಸೈನಿಕರು ಯಜಮಾನರಾಗಿದ್ದರು. ಅಲ್ಲಿ ಚೀನೀ ಕೈದಿಗಳ ಮೈಮೇಲೆ ‘ಕಮ್ಯುನಿಸ್ಟರನ್ನು ವಿರೋಧಿಸಿ, ರಷ್ಯಾವನ್ನು ಎದುರಿಸಿ’ ಎಂದು ಹಚ್ಚೆ ಹಾಕಲಾಗುತ್ತಿತ್ತು. ಕೆಲವರು ಒಪ್ಪಿ ಹಾಕಿಸಿಕೊಂಡರು, ಹಲವರಿಗೆ ಹಿಡಿದು ಹಾಕಿದರು. ಆ ಹಚ್ಚೆ ಹೊತ್ತು ಊರಿಗೆ ಹೋದರೆ ಏನು ಕಾದಿದೆ ಎಂಬುದು ಯಾರಿಗೂ ತಿಳಿಯದ್ದಲ್ಲ. ಹಾಗಾಗಿ ‘ನಾನು ಹೋಗುವುದಿಲ್ಲ’ ಎಂದು ಒಬ್ಬ ಕೈದಿ ಹೇಳಿದರೆ, ಅದು ಮನಸ್ಸಿನ ಮಾತೋ ತೋಳಿನ ಮೇಲಿನ ಹಚ್ಚೆಯ ಮಾತೋ ಎಂಬುದನ್ನು ಬೇರ್ಪಡಿಸುವುದು ಹೇಗೆ?

ಈ ಪ್ರಶ್ನೆಯ ಮೇಲೆ ಕಾದಾಟ ಎಳೆದಾಡುತ್ತಿದ್ದಾಗ ಬೆಟ್ಟಗಳ ನೆತ್ತಿಯಲ್ಲಿ ಎರಡೂ ಕಡೆಯ ಸೈನಿಕರು ಸಾಯುತ್ತಲೇ ಇದ್ದರು. ಅಮೆರಿಕದ ಸಾವುನೋವುಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಸಂಭವಿಸಿದ್ದು ಮಾತುಕತೆ ಆರಂಭವಾದ ಮೇಲೆ. ಶೀತಲ ಎಂಬ ವಿಶೇಷಣ ನನ್ನ ಗಂಟಲಲ್ಲಿ ಇಳಿಯದಿರುವುದು ಇದಕ್ಕೇ.

1952ರ ಡಿಸೆಂಬರ್ 3ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಭಾರತದ ಪರವಾಗಿ ವಿ. ಕೆ. ಕೃಷ್ಣ ಮೆನನ್ ರೂಪಿಸಿದ ನಿರ್ಣಯವನ್ನು 54 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದವು ಐದೇ ಮತ, ಎಲ್ಲವೂ ಸೋವಿಯತ್ ಬಣದವು. ಸೋವಿಯತ್ ಪ್ರತಿನಿಧಿ ವಿಶಿನ್‌ಸ್ಕಿ ಭಾರತವನ್ನು ವಾಚಾಮಗೋಚರ ಬೈದರು. ಮರಳಲೊಲ್ಲದ ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗವೊಂದರ ವಶಕ್ಕೆ ಕೊಡುವುದು ಅದರ ತಿರುಳಾಗಿತ್ತು. ಮುಂದಿನ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಚೀನಾ ಮೆತ್ತಗಾಯಿತು, ಜೂನ್ 8ರಂದು ಹೆಚ್ಚುಕಡಿಮೆ ಅದೇ ಸೂತ್ರಕ್ಕೆ ಒಪ್ಪಿಗೆ ಬಿತ್ತು. ಹತ್ತು ದಿನ ಕಳೆದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಸುಮಾರು 27,000 ಉತ್ತರ ಕೊರಿಯನ್ ಕೈದಿಗಳನ್ನು ರಾತ್ರೋರಾತ್ರಿ ಬೇಲಿ ತೆಗೆದು ಹೊರಗೆ ಬಿಟ್ಟ. ಒಪ್ಪಂದವನ್ನೇ ಮುರಿಯುವ ಹುನ್ನಾರ ಅದು. ಆದರೂ ಜುಲೈ 27ಕ್ಕೆ ಸಹಿಯಾಯಿತು.

ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ ಇದ್ದವು. ಮೊದಲೆರಡು ಒಂದು ಕಡೆಗೆ, ಮುಂದಿನೆರಡು ಇನ್ನೊಂದು ಕಡೆಗೆ ವಾಲುವುದು ನಿಶ್ಚಿತವಾಗಿದ್ದರಿಂದ ನಿಜವಾದ ಭಾರವೆಲ್ಲ ಅಧ್ಯಕ್ಷ ತಿಮ್ಮಯ್ಯನವರ ಹೆಗಲಿಗೆ ಬಿತ್ತು. ಕಾವಲಿಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ನೇತೃತ್ವದ ಸುಮಾರು 6,000 ಭಾರತೀಯ ಸೈನಿಕರು. ಭಾರತೀಯರು ತನ್ನ ನೆಲ ತುಳಿಯಕೂಡದು ಎಂದು ರೀ ಹಟ ಹಿಡಿದದ್ದರಿಂದ ಇಂಚೋನ್ ಬಂದರಿಗೆ ಬಂದ ಪಡೆಯನ್ನು ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಸೇನಾಮುಕ್ತ ವಲಯದಲ್ಲಿ ಇಳಿಸಬೇಕಾಯಿತು. ತಮ್ಮ ಶಿಬಿರಕ್ಕೆ ಅವರು ಹಿಂದ್ ನಗರ ಎಂದು ಹೆಸರಿಟ್ಟರು. ಅವರ ವಶಕ್ಕೆ ಬಂದವರು ವಿಶ್ವಸಂಸ್ಥೆಯ ಕಡೆಯಿಂದ 22,604 ಚೀನೀ ಹಾಗೂ ಕೊರಿಯನ್ ಕೈದಿಗಳು, ಕಮ್ಯುನಿಸ್ಟರ ಕಡೆಯಿಂದ 359 ಮಂದಿ. ಈ 359ರಲ್ಲಿ 23 ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೈನಿಕ.

ಒಪ್ಪಂದದ ಪ್ರಕಾರ ಪ್ರತಿಯೊಬ್ಬ ಕೈದಿಯನ್ನೂ ಒಂದು ಡೇರೆಗೆ ಕರೆತಂದು, ಅವನ ದೇಶದ ಪ್ರತಿನಿಧಿಗಳು ‘ಮನೆಗೆ ಬಾ’ ಎಂದು ವಿವರಿಸಿ ಹೇಳಬೇಕು, ಐದು ದೇಶಗಳ ಪ್ರತಿನಿಧಿಗಳು ಕೂತು ನೋಡಬೇಕು. ಡೇರೆಗೆ ಹೊರಹೋಗುವ ಬಾಗಿಲು ಎರಡು. ಒಂದರಿಂದ ಹೊರಟರೆ ಊರು, ಇನ್ನೊಂದರಿಂದ ಹೊರಟರೆ ಮತ್ತೆ ಶಿಬಿರ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡನ್ನು ಊಹಿಸುವುದು ಕಷ್ಟ. ನಡೆದದ್ದೇ ಬೇರೆ. ಆವರಣಗಳ ನಾಯಕರು ಕೈದಿಗಳನ್ನು ಹೊರಗೆ ಬಿಡಲೊಲ್ಲದೆ ದಿನಗಟ್ಟಲೆ ತಡೆದರು. ಬಂದವರಲ್ಲಿ ಬಹುತೇಕರು ಕಿರುಚಿದರು, ಉಗುಳಿದರು, ವಿವರಣೆ ಕೊಡುವವರ ಮೇಲೆ ಏರಿಹೋದರು. ವಿವರಣೆ ಕೊಡುವವರೂ ಕಡಿಮೆಯವರಲ್ಲ. ಒಬ್ಬೊಬ್ಬ ಕೈದಿಯನ್ನು ಗಂಟೆಗಟ್ಟಲೆ ಕೂರಿಸಿ ಹಿಂಡಿದರು. ಊರಿಗೆ ಹೋಗುವ ಆಸೆಯಿದ್ದವನು ರಾತ್ರಿ ಬೇಲಿ ಹಾರಿ ಭಾರತೀಯ ಕಾವಲುಗಾರನ ಬಳಿ ಓಡಿಬರಬೇಕಿತ್ತು. ಸಿಕ್ಕಿಬಿದ್ದವನನ್ನು ಒಳಗಿನವರೇ ಹೊಡೆದು ಕೊಂದ ಪ್ರಕರಣಗಳಿದ್ದವು. ಸೆಪ್ಟೆಂಬರ್ ಕೊನೆಯಲ್ಲಿ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನು ಹಿಡಿದಿಟ್ಟುಕೊಂಡಾಗ ಥೋರಟ್ ತಾವೇ ಆವರಣದೊಳಕ್ಕೆ ಹೋಗಿ ಬಿಡಿಸಿ ತಂದರು. ಕೆಲವೇ ದಿನಗಳಲ್ಲಿ ಬೇಲಿಗೆ ನುಗ್ಗಿದ ಗುಂಪುಗಳ ಮೇಲೆ ನಮ್ಮವರು ಗುಂಡು ಹಾರಿಸಬೇಕಾಗಿ ಬಂದು ಕೈದಿಗಳು ಸತ್ತದ್ದೂ ಉಂಟು. ಅದನ್ನು ಬಿಟ್ಟು ಕತೆ ಹೇಳಿದರೆ ಅದು ಸನ್ಮಾನಪತ್ರವಾಗುತ್ತದೆ. 90 ದಿನಗಳ ಗಡುವು ಡಿಸೆಂಬರ್ 23ಕ್ಕೆ ಮುಗಿದಾಗ, ಹೆಚ್ಚಿನ ಕೈದಿಗಳು ಆ ಡೇರೆಯೊಳಗೆ ಕಾಲಿಟ್ಟೇ ಇರಲಿಲ್ಲ.

ಎರಡು ಬಣಗಳ ನೈತಿಕ ಹಕ್ಕುಸಾಧನೆಯನ್ನು ಅಳೆಯಲು ನನಗೆ ಈ ಡೇರೆಗಿಂತ ಒಳ್ಳೆಯ ಮಾನದಂಡ ಸಿಕ್ಕಿಲ್ಲ. ಸುಮಾರು 14,000 ಚೀನೀ ಕೈದಿಗಳು ಚೀನಾಕ್ಕೆ ಹೋಗಲೊಲ್ಲೆವೆಂದಾಗ ಅಮೆರಿಕದ ಪಾಲಿಗೆ ಅದು ಸ್ವತಂತ್ರ ಮನಸ್ಸಿನ ತೀರ್ಪು. ಇಪ್ಪತ್ಮೂರು ಅಮೆರಿಕನ್ನರು ಅಮೆರಿಕಕ್ಕೆ ಹೋಗಲೊಲ್ಲೆವೆಂದಾಗ ಅದು ಮಿದುಳು ತೊಳೆತ. ಆ ಪದ ಜಗತ್ತಿನ ನಾಲಗೆಗೆ ಹತ್ತಿದ್ದೇ ಈ ಯುದ್ಧದಲ್ಲಿ. ಬೀಜಿಂಗಿನಲ್ಲಿ ಇದೇ ವಾಕ್ಯಗಳನ್ನು ತಿರುಗಿಸಿ ಓದುತ್ತಿದ್ದರು. ಅಲ್ಲಿ 14,000 ಮಂದಿ ಗೂಂಡಾಗಳ ಒತ್ತೆಯಾಳುಗಳು, ಈ ಕೆಲವರು ಶಾಂತಿಯ ಯೋಧರು. ಉತ್ತರ ತನಗೆ ಬೇಕಾದದ್ದಾಗಿದ್ದರೆ ಅದು ಇಚ್ಛೆ, ಬೇಡವಾದದ್ದಾಗಿದ್ದರೆ ಬಲಾತ್ಕಾರ. ಅಮೆರಿಕನ್ನರಲ್ಲಿ ಇಬ್ಬರು ಮನಸ್ಸು ಬದಲಿಸಿ ಮರಳಿದರು, ಅವರದೇ ಸೇನೆ ಅವರನ್ನು ಕೋರ್ಟ್ ಮಾರ್ಷಲ್‌ಗೆ ಒಳಪಡಿಸಿತು.

ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಸಿಂಗಪುರದಲ್ಲಿ ಜಪಾನೀಯರ ಸೆರೆಯಾಗಿ ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದವರು. ತಮ್ಮ ತಿಮ್ಮಯ್ಯ ಅದೇ ಯುದ್ಧದಲ್ಲಿ ಬರ್ಮಾದ ಅರಕಾನಿನಲ್ಲಿ ಬ್ರಿಟಿಷ್ ಇಂಡಿಯಾದ ಸೇನೆಯ ಪರವಾಗಿ ಜಪಾನೀಯರ ವಿರುದ್ಧ ಹೋರಾಡಿದವರು. ಕೈದಿಯಾದವನು ಬಾವುಟ ಬದಲಿಸುವುದಕ್ಕೆ ಹೇಡಿತನ ಅಥವಾ ದ್ರೋಹ ಎಂಬ ಎರಡೇ ಕಾರಣಗಳಿರುವುದಿಲ್ಲ ಎಂಬುದು ಮನೆಯೊಳಗೇ ತಿಳಿದಿದ್ದ ಮನುಷ್ಯ ಆ ಡೇರೆಯ ಅಧ್ಯಕ್ಷನಾದದ್ದು ಆಕಸ್ಮಿಕವಿರಬಹುದು. ನನಗೆ ಅದು ಮುಖ್ಯವಾಗಿ ಕಾಣುತ್ತದೆ.

ಗಡುವು ಮುಗಿದ ಮೇಲೆ ಅವರ ಮುಂದೆ ಮೂರು ದಾರಿಗಳಿದ್ದವು. ಅಮೆರಿಕ ಕೇಳಿದಂತೆ ಕೈದಿಗಳನ್ನು ನಾಗರಿಕರೆಂದು ಘೋಷಿಸಿ ಬಿಡುಗಡೆ ಮಾಡಬಹುದಿತ್ತು. ಚೀನಾ ಕೇಳಿದಂತೆ ಇನ್ನಷ್ಟು ದಿನ ಹಿಡಿದಿಟ್ಟು ವಿವರಣೆ ಮುಂದುವರಿಸಬಹುದಿತ್ತು. ಇಲ್ಲವೇ ಎಲ್ಲಿಂದ ಬಂದರೋ ಅಲ್ಲಿಗೇ ಒಪ್ಪಿಸಬಹುದಿತ್ತು. ಅವರು ಮೂರನೆಯದನ್ನು ಆರಿಸಿ ಜನವರಿ 20ರಂದು ಕೈದಿಗಳನ್ನು ಹಳೆಯ ಕಾವಲುಗಾರರಿಗೆ ಹಿಂದಿರುಗಿಸಿದರು, ನಾಗರಿಕರೆಂಬ ಪ್ರಮಾಣಪತ್ರವನ್ನು ಮಾತ್ರ ಕೊಡಲಿಲ್ಲ. ಆಯೋಗದ ವರದಿಯಲ್ಲಿ ಭಾರತ, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಸೇರಿ, ಶಿಬಿರಗಳಲ್ಲಿ ಕೈದಿಗಳು ಸ್ವತಂತ್ರರಾಗಿರಲಿಲ್ಲ ಎಂದು ಬರೆದವು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಪ್ಪಲಿಲ್ಲ. ವರದಿಯಿಂದ ಅಮೆರಿಕ ಸಿಟ್ಟಾಯಿತು, ಹಿಂದಿರುಗಿಸಿದ್ದರಿಂದ ಚೀನಾ ಸಿಟ್ಟಾಯಿತು. ಕೈದಿಗಳ ಪಾಲಿಗೆ ಈ ನಿರ್ಧಾರದಿಂದ ಏನೂ ಬದಲಾಗಲಿಲ್ಲ, ಅದು ಬರಿಯ ಕೈತೊಳೆದುಕೊಳ್ಳುವ ಉಪಾಯ ಎಂಬ ಆಕ್ಷೇಪ ನನಗೂ ಗೊತ್ತು, ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ನಡೆಯದ ವಿಚಾರಣೆಯನ್ನು ನಡೆಯಿತೆಂದು ಬರೆದುಕೊಡಲು ಎರಡು ಮಹಾಶಕ್ತಿಗಳ ಎದುರು ನಿರಾಕರಿಸಿದ್ದನ್ನು ಅಡ್ಡಗೋಡೆಯ ಮೇಲಿನ ದೀಪವೆನ್ನಲು ನನ್ನಿಂದಾಗದು. ಅಲಿಪ್ತ ನೀತಿಯ ಹೆಸರಿನಲ್ಲಿ ಭಾರತ ಮುಂದೆ ಬಾಯಿಮುಚ್ಚಿಕೊಂಡ ಸಂದರ್ಭಗಳಿವೆ. 1956ರಲ್ಲಿ ಸೋವಿಯತ್ ಸೇನೆ ಹಂಗೆರಿಯ ದಂಗೆಯನ್ನು ಹೊಸಕಿಹಾಕಿದಾಗಿನ ಆ ನಿಲುವನ್ನು ಸಮರ್ಥಿಸಿಕೊಳ್ಳಲು ನನ್ನಲ್ಲಿ ಮಾತಿಲ್ಲ. ಕೊರಿಯಾ ಆ ಸಾಲಿನದಲ್ಲ.

ತೈವಾನಿಗೆ ಹೋದ 14,000 ಮಂದಿಯನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡು, ಅವರು ಬಿಡುಗಡೆಯಾದ ಜನವರಿ 23ನ್ನು ಸ್ವಾತಂತ್ರ್ಯದ ದಿನವೆಂದು ಆಚರಿಸಲಾಯಿತು. ಅತ್ತ, ಚೀನಾಕ್ಕೆ ಮರಳಿದ ಸುಮಾರು 7,000 ಮಂದಿಯನ್ನು ಶತ್ರುವಿಗೆ ಶರಣಾದವರೆಂದು ಅನುಮಾನಿಸಿ, ಪಕ್ಷದಿಂದ ಹೊರಹಾಕಿ, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮತ್ತೊಮ್ಮೆ ಹಿಂಸಿಸಲಾಯಿತು. ಅವರ ಹೆಸರಿನ ಕಳಂಕ ಅಧಿಕೃತವಾಗಿ ಅಳಿದದ್ದು 1980ರಲ್ಲಿ. ಚೀನಾ ಸೇರಿದ 21 ಅಮೆರಿಕನ್ನರಲ್ಲಿ ಬಹುತೇಕರು ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಸದ್ದಿಲ್ಲದೆ ಅಮೆರಿಕಕ್ಕೆ ಹಿಂದಿರುಗಿದರು.

ಇವರೆಲ್ಲರ ನಡುವೆ 88 ಮಂದಿಯ ಒಂದು ಗುಂಪಿತ್ತು. ಹೆಚ್ಚಿನವರು ಉತ್ತರ ಕೊರಿಯಾದವರು, ಹನ್ನೆರಡು ಮಂದಿ ಚೀನೀಯರು, ಇಬ್ಬರು ದಕ್ಷಿಣ ಕೊರಿಯಾದವರು. ಉತ್ತರವೂ ಬೇಡ, ದಕ್ಷಿಣವೂ ಬೇಡ, ಬೀಜಿಂಗೂ ಬೇಡ, ತೈಪೆಯೂ ಬೇಡ, ಯಾವುದಾದರೂ ತಟಸ್ಥ ದೇಶಕ್ಕೆ ಕಳಿಸಿ ಎಂದು ಅವರು ಕೇಳಿದರು. ಅಂಥ ದೇಶ ಯಾವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲವಾದ್ದರಿಂದ, 1954ರ ಫೆಬ್ರವರಿಯಲ್ಲಿ ಊರಿಗೆ ಮರಳುತ್ತಿದ್ದ ತಮ್ಮ ಕಾವಲುಗಾರರ ಜೊತೆಯಲ್ಲೇ ಹಡಗು ಹತ್ತಿ ಅವರು ಭಾರತಕ್ಕೆ ಬಂದರು. ಎರಡು ವರ್ಷ ಕಾದ ಮೇಲೆ ಅನೇಕರು ಬ್ರೆಜಿಲ್‌ಗೂ ಅರ್ಜೆಂಟೀನಾಕ್ಕೂ ಹೊರಟುಹೋದರು, ಕೆಲವರು ಇಲ್ಲೇ ಉಳಿದರು.