ಪ್ಯಾಕೆಟ್ಟಿನೊಳಗಿನ ಚಳಿಗಾಲ

ಬೀಜದ ಪ್ಯಾಕೆಟ್ಟಿನ ಹಿಂಬದಿಯಲ್ಲಿ ‘ಚಳಿಗಾಲದ ಹೂ’ ಎಂದು ಬರೆದಿತ್ತು. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಚಳಿಗಾಲ ಎಂದರೆ ಧನುರ್ಮಾಸದ ಬೆಳಿಗ್ಗೆ ಆರರಿಂದ ಏಳೂವರೆವರೆಗೆ. ಏಳೂವರೆಗೆ ಹೊದಿಕೆ ಮಡಚಿಟ್ಟರೆ ಒಂಬತ್ತಕ್ಕೆ ಫ್ಯಾನ್ ಹಾಕಬೇಕು.

ಆದರೂ ಪೆಟೂನಿಯಾ ತಂದೆ. ಬೆಂಗಳೂರಿನಲ್ಲಿ ತಂಗಿಯ ಮನೆ ಬಾಲ್ಕನಿಯಲ್ಲಿ ಅದು ಚಟ್ಟಿ ತುಂಬಿ ಹೊರಗೆ ಇಳಿಬಿದ್ದದ್ದನ್ನು ನೋಡಿದ್ದೆ. ಹೊಟ್ಟೆಕಿಚ್ಚು, ಬೇರೇನಲ್ಲ. ಪ್ಯಾಕೆಟ್ ಒಡೆದು ನೋಡಿದರೆ ಬೀಜ ಅಲ್ಲ, ನಶ್ಯದ ಪುಡಿ. ಒಂದು ಗ್ರಾಮಿಗೆ ಸುಮಾರು 10,000 ಬೀಜ ಹಿಡಿಯುತ್ತದೆ. ಮಣ್ಣಿನಲ್ಲಿ ಹೂಳುವ ಹಾಗಿಲ್ಲ, ಬೆಳಕು ತಾಗಿದರೇ ಮೊಳಕೆ. ಉಸಿರು ಬಿಗಿಹಿಡಿದು ಸುಡುಮಣ್ಣಿನ ಮೇಲೆ ಉದುರಿಸಿದೆ. ಒಂದು ಸೀನು ಬಂದಿದ್ದರೆ ಪೂರ್ತಿ ಕೃಷಿ ಅಡಿಕೆ ತೋಟದಲ್ಲಿ ಇರುತ್ತಿತ್ತು.

ಗಿಡವೇನೋ ಬಂತು. ಬಿಸಿಲಿಗೇ ತಾಪತ್ರಯ. ಬಿಸಿಲಿನ ಊರಲ್ಲಿ ಬಿಸಿಲಿಗೆ ಬರವೇ ಎಂದು ನಗಬೇಡಿ. ಮನೆಯ ಸುತ್ತ ತೆಂಗು, ಹಲಸು, ಅಡಿಕೆ. ಇಡೀ ದಿನ ಬಿಸಿಲು ಬೀಳುವುದು ಅಂಗಳಕ್ಕೆ ಮಾತ್ರ. ಮಳೆ ಬಿಟ್ಟ ಮೇಲೆ ಅಂಗಳ ಕೆತ್ತಿ, ಸೆಗಣಿ ಸಾರಿಸಿ ತಯಾರು ಮಾಡುವುದು ಪೆಟೂನಿಯಾಕ್ಕೆ ಅಲ್ಲವಲ್ಲ. ಹಣ್ಣಡಿಕೆ ಅಲ್ಲಿ ಹತ್ತಿರಹತ್ತಿರ 40 ದಿನ ಒಣಗಬೇಕು. ಒಂದು ಕೊಯ್ಲು ಒಣಗಿ ಒಳಗೆ ಹೋಗುವಾಗ ಇನ್ನೊಂದು ಬಂದು ಬೀಳುತ್ತದೆ. ಪ್ಯಾಕೆಟ್ಟಿನ ಚಳಿಗಾಲವೂ ಅಡಿಕೆಯ ಸೀಸನ್ನೂ ಒಂದೇ ಅಂಗಳಕ್ಕೆ ಬಂದು ನಿಂತವು.

“ಆ ಚಟ್ಟಿ ತೆಗಿ, ಅಡಿಕೆಗೆ ನೆರಳು ಬೀಳ್ತದೆ” ಎಂದರು ಅತ್ತೆ.

“ಎಂತ ನೆರಳು ಅತ್ತೆ, ಗಿಡ ನಾಲ್ಕಿಂಚು ಉಂಟಷ್ಟೆ.”

“ಚಟ್ಟಿಗೆ ನೆರಳಿಲ್ವಾ?”

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹಾಗಾಗಿ ಆ ವರ್ಷ ಚಟ್ಟಿಗಳನ್ನು ಬೆಳಿಗ್ಗೆ ಬಾವಿಕಟ್ಟೆಗೆ, ಮಧ್ಯಾಹ್ನ ಹಟ್ಟಿಯ ಬದಿಗೆ, ಸಂಜೆ ಮೆಟ್ಟಿಲಿಗೆ ಹೊತ್ತು ತಿರುಗಿದೆ. ಜನವರಿ ಕೊನೆಗೆ ಹೂ ಬಿಟ್ಟಿತು. ನೇರಳೆ ಬಣ್ಣ, ಚಂದವೋ ಚಂದ. ಫೋಟೋ ತೆಗೆದು ತಂಗಿಗೆ ಕಳಿಸಿದ್ದೂ ಆಯಿತು. ಮೂರು ವಾರ ಆ ವೈಭವ. ಫೆಬ್ರವರಿ ಮುಗಿಯುತ್ತಾ ಬಂದು ರಾತ್ರಿಯೂ ಸೆಕೆ ಶುರುವಾದಾಗ ಗಿಡ ಸಪೂರ ಆಗಿ ಉದ್ದಕ್ಕೆ ಎಳೆಯಿತು, ಹೂ ಸಣ್ಣದಾಯಿತು. ಮಧ್ಯಾಹ್ನ ಎಲೆಗಳೆಲ್ಲ ಜೋಲುಬಿದ್ದವು. ಪಾಪ, ಬಾಯಾರಿಕೆ ಎಂದು ನೀರು ಹೊಯ್ದೆ. ಮರುದಿನವೂ ಹೊಯ್ದೆ. ವಾರದೊಳಗೆ ಬುಡ ಕೊಳೆತು ಹೋಯಿತು.

ಮಣ್ಣಿಗೆ ಒಂದು ಬೆರಳು ಹಾಕಿ ನೋಡಿದ್ದರೆ ಸಾಕಿತ್ತು. ಒಳಗೆ ಚೆನ್ನಾಗಿ ಪಸೆ ಇತ್ತು. ಉರಿಬಿಸಿಲಿಗೆ ಬೇರು ಕುಡಿಯುವುದಕ್ಕಿಂತ ಎಲೆ ಆರಿಸಿಕೊಳ್ಳುವುದು ಜಾಸ್ತಿ, ಅದಕ್ಕೇ ಜೋಲುತ್ತದೆ. ಸಂಜೆ ತಾನಾಗಿ ಎದ್ದು ನಿಲ್ಲುತ್ತದೆ. ನಾವೂ ಊಟ ಮುಗಿಸಿ ಜಗಲಿಯ ಚಿಟ್ಟೆಯ ಮೇಲೆ ಅಡ್ಡ ಬೀಳುವುದಿಲ್ವಾ? ಆಗ ಯಾರಾದರೂ ಬಂದು ಕೊಡಪಾನದಲ್ಲಿ ನೀರು ಹೊಯ್ದರೆ ಹೇಗಿರುತ್ತದೆ?

ನನ್ನ ದುಃಖ ನೋಡಿ ಪಕ್ಕದ ಮನೆಯ ಮಲಯಾಳಂ ಮಾತಾಡುವ ‘ಇತ್ತ’, ಅಂದರೆ ಅಕ್ಕ, ಬೇಲಿಯ ಆಚೆಯಿಂದ ನಾಲ್ಕು ತುಂಡು ಬಳ್ಳಿ ಕಿತ್ತು ಕೊಟ್ಟರು. ನಾವು ಹತ್ತು ಗಂಟೆ ಹೂ ಎನ್ನುವುದನ್ನು ಅವರು ಪತ್ತುಮಣಿ ಎನ್ನುತ್ತಾರೆ. ಗಡಿಯಾರ ಒಂದೇ, ಭಾಷೆ ಬೇರೆ. ಇದಕ್ಕೆ ಏನು ಮಾಡಬೇಕು ಎಂದು ಕೇಳಿದೆ. “ಒನ್ನುಂ ಚೆಯ್ಯಂಡ” ಎಂದರು. ಏನೂ ಮಾಡುವುದು ಬೇಡ! ನಿಜಕ್ಕೂ ಬೇಡ. ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುವ ಗಿಡ ಅದು. ಒಡೆದ ಬಕೆಟ್ಟಿಗೆ ಮರಳು ಬೆರೆಸಿದ ಮಣ್ಣು ಹಾಕಿ ಚುಚ್ಚಿಟ್ಟೆ. ಏಪ್ರಿಲ್‌ನ ಬಿಸಿಲಿಗೆ ಮುರಕಲ್ಲು ಕಾದು ಕಾಲಿಡಲು ಆಗದಾಗ ಅದು ಗುಲಾಬಿ, ಹಳದಿ ಎಂದು ಬಕೆಟ್ ತುಂಬಾ ಅರಳಿತು. ಮೋಡ ಇದ್ದ ದಿನ ಮಾತ್ರ ಹತ್ತೂ ಇಲ್ಲ, ಹನ್ನೊಂದೂ ಇಲ್ಲ, ಸುಮ್ನೆ ಮುಚ್ಚಿಕೊಂಡಿರುತ್ತದೆ.

ಮಳೆಗಾಲದ್ದು ಬೇರೆಯೇ ಕತೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಸುರಿಯುವ ಜಿಲ್ಲೆ ನಮ್ಮದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಓಣಂಗೆ ಇಲ್ಲಿ ಪೂಕಳಂ, ಅಂದರೆ ಹೂವಿನ ರಂಗೋಲಿ, ಹಾಕುವ ಚೆಂಡುಹೂ ಹೆಚ್ಚಾಗಿ ಗುಂಡ್ಲುಪೇಟೆ ಕಡೆಯಿಂದ, ತಮಿಳುನಾಡಿನಿಂದ ಲಾರಿಯಲ್ಲಿ ಬರುತ್ತದೆ. ಇತ್ತೀಚೆಗೆ ಇಲ್ಲೇ ಬೆಳೆಸುವವರೂ ಇದ್ದಾರೆ. ನಾನೂ ಬೆಳೆಸುತ್ತೇನೆ ಎಂದು ಹೊರಟೆ. ಎರಡು ತಿಂಗಳ ಬೆಳೆ, ಹಾಗಾಗಿ ಜೂನ್‌ನಲ್ಲೇ ಬೀಜ ಹಾಕಬೇಕು. ಸಸಿ ಬಂತು. ಹಿಂದೆಯೇ ಬಸವನಹುಳು ಬಂತು, ಅಂಗೈಯಗಲದ್ದು. ರಾತ್ರಿ ಹನಿಮಳೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಸಾಲಾಗಿ ಊಟಕ್ಕೆ ಕೂತಿವೆ. ಮೆಕ್ಸಿಕೋ ಕಡೆಯ ಗಿಡ, ಆಫ್ರಿಕಾ ಕಡೆಯ ಹುಳು, ಮಧ್ಯೆ ಒಲೆಬೂದಿ ಹಿಡಿದು ನಿಂತ ಬದಿಯಡ್ಕದ ನಾನು. ಬೂದಿಯನ್ನು ಮಳೆ ತೊಳೆದುಕೊಂಡು ಹೋಯಿತು. ಆ ಸಲವೂ ಹೂ ಲಾರಿಯದ್ದೇ.

ಅದೇ ಹೊತ್ತಿಗೆ ಅಂಗಳದ ಅಂಚಿನಲ್ಲಿ ಯಾರೂ ಹಾಕದ ಕಾಶಿತುಂಬೆ ಮೊಣಕಾಲೆತ್ತರ ನಿಂತಿತ್ತು. ಅತ್ತೆ ಅದನ್ನು ಗೌರಿಹೂ ಎನ್ನುತ್ತಾರೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಬೀಳುವ ಮೊದಲ ಒಳ್ಳೆಯ ಮಳೆಗೆ ಅದು ತಾನಾಗಿ ಹುಟ್ಟುತ್ತದೆ. ಆಗಸ್ಟ್ ನಡುವಿಗೆ ಶುರುವಾಗುವ ಸೋಣ ತಿಂಗಳು ಹೊಸ್ತಿಲಿಗೆ ಹೂವಿಡುವ ಹೊತ್ತಿಗೆ ಸರಿಯಾಗಿ ಬಿಡುತ್ತದೆ. ಕ್ಯಾಲೆಂಡರ್ ನೋಡುವುದಿಲ್ಲ, ಹಿಂಬದಿ ಓದುವುದಿಲ್ಲ.

ಅದರ ಕಾಯಿ ನೋಡಿದ್ದೀರಾ? ಹಸಿರು, ರೋಮ ರೋಮ, ಹೊಟ್ಟೆ ಉಬ್ಬಿದ ಪುಟ್ಟ ದೋಣಿಯಂತೆ. ಬಲಿತದ್ದನ್ನು ಬೆರಳ ತುದಿಯಲ್ಲಿ ಮುಟ್ಟಿದರೆ ಸಾಕು, ಸಿಪ್ಪೆ ಐದು ತುಂಡಾಗಿ ಒಳಕ್ಕೆ ಸುರುಳಿ ಸುತ್ತಿ, ಬೀಜ ಸಿಡಿದು ಅಂಗಳದ ಆಚೆಗೆ. ಬೆರಳಿಗೆ ಹುಳ ಹರಿದ ಹಾಗೆ ಕಚಗುಳಿ. ಹೂ ಕೊಯ್ಯಲು ಹೋದ ಅತ್ತೆ ಅರ್ಧ ಗಂಟೆಯಾದರೂ ಬರಲಿಲ್ಲ ಎಂದು ಒಂದು ದಿನ ಇಣುಕಿ ನೋಡಿದೆ. ಬುಟ್ಟಿ ಕೆಳಗಿಟ್ಟು, ಒಂದೊಂದೇ ಕಾಯಿ ಹುಡುಕಿ ಸಿಡಿಸುತ್ತಾ ಇದ್ದರು. ನನ್ನನ್ನು ಕಂಡವರೇ ಹುಲ್ಲು ಕೀಳಲು ಶುರುಮಾಡಿದರು.

ಈ ನವೆಂಬರಿನಲ್ಲಿ ಅಂಗಳ ಕೆತ್ತಿಯಾಯಿತು, ಅಡಿಕೆಯೂ ಬಂದು ಬಿತ್ತು. ನಾನು ಬೀಜ ಏನೂ ತಂದಿರಲಿಲ್ಲ. ಹಾಳೆಯ ತುಂಡಿನಲ್ಲಿ ಅಡಿಕೆ ಹರಡುತ್ತಾ ಇದ್ದ ಅತ್ತೆ ತಲೆ ಎತ್ತದೆ ಕೇಳಿದರು:

“ಆ ನಶ್ಯದ ಪುಡಿ ಈ ವರ್ಷ ಇಲ್ವಾ?”

“ತರ್ಬೇಕಾ ಅತ್ತೆ?”

“ತಾ. ಬಾವಿಕಟ್ಟೆಯಲ್ಲಿ ಇಡು. ಇಲ್ಲಿ ಬೇಡ.”