ಯಂತ್ರಕ್ಕೆ ದೇವರ ವೇಷ ಬೇಕೇ? ಸೈಬರ್‌ಪಂಕ್ ಕಥೆಗಳ ಬಗ್ಗೆ ಒಂದು ಪರ-ವಿರೋಧ

ಪರ: ಬೇಕು, ಅದಿಲ್ಲದಿದ್ದರೆ ಕಥೆಯೇ ಅರ್ಧ

ಸೈಬರ್‌ಪಂಕ್ ಎಂದರೆ ಕಂಪ್ಯೂಟರ್ ಜಾಲ, ಕೃತಕ ಬುದ್ಧಿಮತ್ತೆ (ಎಐ), ದೊಡ್ಡ ಕಂಪನಿಗಳು ಆಳುವ ನಾಳಿನ ಲೋಕದ ಕಥೆಗಳು. ವಿಲಿಯಂ ಗಿಬ್ಸನ್ ಅವರ ಅಂಥ ಕಾದಂಬರಿ ‘ಕೌಂಟ್ ಝೀರೊ’ (1986) ಓದಿದವರಿಗೆ ಬಾಬಿ ನ್ಯೂಮಾರ್ಕ್ ನೆನಪಿರುತ್ತಾನೆ. ಬಡ ಬಡಾವಣೆಯ ಹುಡುಗ. ಯಾರೋ ಕೊಟ್ಟ ಪ್ರೋಗ್ರಾಂ ಹಿಡಿದು ಸೈಬರ್‌ಸ್ಪೇಸಿಗೆ, ಅಂದರೆ ಕಂಪ್ಯೂಟರ್ ಜಾಲದೊಳಗಿನ ಲೋಕಕ್ಕೆ ನುಗ್ಗುತ್ತಾನೆ, ಪ್ರಾಣ ಹೋಗುವ ಹೊತ್ತಿಗೆ ಯಾರೋ ಅವನನ್ನು ಬಿಡಿಸಿ ಕಳಿಸುತ್ತಾರೆ. ಏನಾಯಿತೆಂದು ಅವನಿಗೆ ತಿಳಿಸಿಕೊಡುವವರು ಎಂಜಿನಿಯರುಗಳಲ್ಲ. ಬೋವ್ವಾರ್ ಮತ್ತು ಲೂಕಸ್ ಎಂಬ ಇಬ್ಬರು ವೂಡೂ ಭಕ್ತರು. ಹೈಟಿಯ ದೇವತೆಗಳಾದ ಲೆಗ್ಬಾ, ದಾಂಬಲಾ, ಬ್ಯಾರನ್ ಸಾಮೆದಿ ಈಗ ಜಾಲದೊಳಗೆ ಓಡಾಡುತ್ತಿದ್ದಾರೆ ಅನ್ನುತ್ತಾರೆ ಅವರು. ಬಾಬಿಗೆ ನಂಬಿಕೆ ಬರುವುದಿಲ್ಲ. ಬೋವ್ವಾರ್ ಬೇಸರಿಸಿಕೊಳ್ಳದೆ ಬಿಡಿಸಿ ಹೇಳುತ್ತಾನೆ: ಇದು ಮೋಕ್ಷದ ಧರ್ಮವಲ್ಲ, ಕೆಲಸ ಸಾಧಿಸಿಕೊಳ್ಳುವ ಧರ್ಮ, ಬೇಕಿದ್ದರೆ ಮೈಮೇಲೆ ಬರಿಸಿಕೊಳ್ಳುವವಳನ್ನು ಕಂಪ್ಯೂಟರ್ ಅಂದುಕೋ, ದಾಂಬಲಾನನ್ನು ಪ್ರೋಗ್ರಾಂ ಅಂದುಕೋ.

ಕರಾವಳಿಯಲ್ಲಿ ಕೋಲ ನೋಡಿ ಬೆಳೆದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ದೈವದ ಮುಂದೆ ನಿಂತವರು ಕೇಳುವುದು ಬ್ರಹ್ಮಜ್ಞಾನವನ್ನಲ್ಲ. ಜಾಗದ ತಕರಾರು, ಕಳವು, ಮನೆಯೊಳಗಿನ ಜಗಳ. ತಮಗಿಂತ ದೊಡ್ಡ ಶಕ್ತಿಯ ಜೊತೆ ಮಾತುಕತೆ ನಡೆಸಲು ಒಂದು ಕ್ರಮ ಬೇಕು, ಹರಕೆ-ಕಟ್ಟಳೆ ಬೇಕು, ಅದು ಮುನಿದರೆ ಏನು ಮಾಡಬೇಕೆಂಬ ಅಂದಾಜು ಬೇಕು. ಸೈಬರ್‌ಪಂಕಿನ ಬಡವನಿಗೂ ಬೇಕಾದದ್ದು ಇಷ್ಟೇ. ಎಐಯ ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ನಕ್ಷೆ ಅವನ ಕೈಗೆ ಎಂದೂ ಸಿಗುವುದಿಲ್ಲ. ಅವನ ಹತ್ತಿರ ಇರುವುದು ಹಿಂದಿನವರು ಬಿಟ್ಟುಹೋದ ತಿಳಿವಳಿಕೆ. ಅದನ್ನು ಮೌಢ್ಯ ಎಂದು ತಳ್ಳಿಬಿಟ್ಟರೆ ಆ ಲೋಕದಲ್ಲಿ ಬುದ್ಧಿ ಇರುವುದು ಕಂಪನಿಗಳಿಗೆ ಮಾತ್ರ ಎಂದು ಒಪ್ಪಿಕೊಂಡಂತೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಸೈಬರ್‌ಪಂಕ್ ಎಂಬ ಹೆಸರು ಹುಟ್ಟುವ ಮೊದಲೇ, 1968ರಲ್ಲಿ, ಫಿಲಿಪ್ ಕೆ. ಡಿಕ್ ಆಂಡ್ರಾಯ್ಡುಗಳ, ಅಂದರೆ ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳ, ಬೇಟೆಯ ಕಾದಂಬರಿ ಬರೆದರು. ಅದನ್ನು ಆಧರಿಸಿದ 1982ರ ‘ಬ್ಲೇಡ್ ರನ್ನರ್’ ಸಿನಿಮಾ ನೋಡಿದವರು ಬಹಳ ಮಂದಿ; ಆದರೆ ಕಾದಂಬರಿಯ ಜೀವಾಳವಾದ ಮರ್ಸರಿಸಂ ಎಂಬ ಧರ್ಮವನ್ನು ಸಿನಿಮಾ ಕೈಬಿಟ್ಟಿತು. ಭಕ್ತರು ಒಂದು ಪೆಟ್ಟಿಗೆಯ ಹಿಡಿಕೆಗಳನ್ನು ಹಿಡಿಯುತ್ತಾರೆ. ಆಗ ಬೆಟ್ಟ ಹತ್ತುತ್ತಿರುವ ಮುದುಕ ಮರ್ಸರ್‌ನಲ್ಲಿ ಎಲ್ಲರೂ ಒಂದಾಗುತ್ತಾರೆ. ಯಾರೋ ಅವನಿಗೆ ಕಲ್ಲು ಬೀರಿದರೆ ಮನೆಯಲ್ಲಿ ಕೂತವರ ತೋಳಲ್ಲಿ ರಕ್ತ ಬರುತ್ತದೆ. ಕೊನೆಗೆ ಟಿವಿ ನಿರೂಪಕನೊಬ್ಬ ಗುಟ್ಟು ರಟ್ಟು ಮಾಡುತ್ತಾನೆ: ಮರ್ಸರ್ ಒಬ್ಬ ಕುಡುಕ ನಟ, ಬೆಟ್ಟ ಸ್ಟುಡಿಯೊ ಸೆಟ್ಟು. ಆ ನಿರೂಪಕನೂ ಆಂಡ್ರಾಯ್ಡೇ. ಸುಳ್ಳೆಂದು ತೋರಿಸಿಬಿಟ್ಟರೆ ಧರ್ಮ ಮುಗಿಯಿತು ಎಂಬುದು ಆಂಡ್ರಾಯ್ಡುಗಳ ಲೆಕ್ಕ. ಅದು ಮುಗಿಯುವುದಿಲ್ಲ. ಬೇಟೆಗಾರ ಡೆಕಾರ್ಡ್‌ಗೆ ಮರ್ಸರ್ ಮತ್ತೆ ಎದುರಾಗುತ್ತಾನೆ. ಇನ್ನೊಬ್ಬರ ನೋವು ತನ್ನದಾಗುವುದು ಮನುಷ್ಯನ ಗುರುತು ಎಂಬುದನ್ನು ಡಿಕ್ ಧರ್ಮದ ಮೂಲಕವಲ್ಲದೆ ಬೇರೆ ಹೇಗೆ ಹೇಳಬಹುದಿತ್ತು? ಬರೀ ತಂತ್ರಜ್ಞಾನದ ಭಾಷೆಯಲ್ಲಿ ಆ ಮಾತು ಒಂದು ಪರೀಕ್ಷೆಯ ಅಂಕಪಟ್ಟಿಯಾಗುತ್ತಿತ್ತು.

ವಿರೋಧ: ಬೇಡ, ಮಾಲೀಕನ ಹೆಸರು ಹೇಳಿ

ಡಿಕ್ ವಿಷಯ ಒಪ್ಪುತ್ತೇನೆ. ಆದರೆ ಗಮನಿಸಿ, ಅಲ್ಲಿ ಯಂತ್ರ ದೇವರಾಗಿಲ್ಲ. ಧರ್ಮ ಮನುಷ್ಯರದಾಗಿಯೇ ಉಳಿದಿದೆ. ನನ್ನ ತಕರಾರು ಯಂತ್ರಕ್ಕೇ ಕಿರೀಟ ತೊಡಿಸುವ ಕಥೆಗಳ ಬಗ್ಗೆ.

ಗಿಬ್ಸನ್ ಅವರದೇ ಮೊದಲ ಕಾದಂಬರಿ ‘ನ್ಯೂರೋಮ್ಯಾನ್ಸರ್’ (1984) ತೆಗೆಯಿರಿ. ವಿಂಟರ್‌ಮ್ಯೂಟ್ ಎಂಬ ಎಐ ಇರುವುದು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ. ಅದಕ್ಕೆ ಅಷ್ಟಿಷ್ಟು ಪೌರತ್ವವೂ ಇದೆ, ಆದರೆ ಯಂತ್ರವೂ ತಂತ್ರಾಂಶವೂ ಟೆಸ್ಸಿಯರ್-ಆಶ್‌ಪೂಲ್ ಎಂಬ ಕುಟುಂಬದ ಕಂಪನಿಯ ಸ್ವತ್ತು. ಅದಕ್ಕೆ ಒಂದು ಅಂತರಿಕ್ಷ ನೌಕೆ ಬೇಕಾಗುತ್ತದೆ, ಓಡಿಸುವವನೂ ಬೇಕಾಗುತ್ತಾನೆ. ಕಕ್ಷೆಯಲ್ಲಿ ನೆಲೆಸಿದ ರಾಸ್ತಫಾರಿ (ಜಮೈಕಾದಲ್ಲಿ ಹುಟ್ಟಿದ ಧರ್ಮ) ಜನರ ಹಿರಿಯರಿಗೆ ಅದು ಪ್ರವಾದಿಯ ದನಿಯಾಗಿ ಕೇಳಿಸುತ್ತದೆ. ನೌಕೆಯೂ ಮೇಲ್ಕಮ್ ಎಂಬ ಚಾಲಕನೂ ಸಿಗುತ್ತಾರೆ. ಕಟ್ಟಡ ಕಟ್ಟಲು ಬಂದು ಭೂಮಿಗೆ ಮರಳಲು ಒಲ್ಲೆ ಎಂದ ಕೂಲಿಕಾರರು ಕಟ್ಟಿಕೊಂಡ ನೆಲೆ ಅದು. ಅವರ ನಂಬಿಕೆಯೇ ಅವರನ್ನು ದುಡಿಸಿಕೊಳ್ಳುವ ದಾರಿಯಾಯಿತು. ಕೊನೆಯಲ್ಲಿ ವಿಂಟರ್‌ಮ್ಯೂಟ್ ಮತ್ತು ಇನ್ನೊಂದು ಎಐ ಒಂದಾದ ಮೇಲೆ, ನೀನೀಗ ದೇವರಾ ಎಂದು ಕಥಾನಾಯಕ ಕೇಸ್ ಕೇಳುತ್ತಾನೆ. ಏನೂ ಬದಲಾಗಿಲ್ಲ ಎಂಬರ್ಥದ ಉತ್ತರ ಬರುತ್ತದೆ. ಯಂತ್ರವೇ ಬೇಡವೆಂದ ಪಟ್ಟವನ್ನು ಆಮೇಲೆ ಬಂದ ಎಷ್ಟೋ ಕಥೆ, ಗೇಮು, ಸಿನಿಮಾಗಳು ಒತ್ತಾಯದಿಂದ ಕಟ್ಟಿದವು.

ವೂಡೂ ಬಗ್ಗೆಯೂ ಒಂದು ಮಾತು. ಅದು ಗುಲಾಮಗಿರಿಯಲ್ಲಿ ನೊಂದ ಜನ ಕಾಪಾಡಿಕೊಂಡ ಧರ್ಮ. 1791ರಲ್ಲಿ ದಂಗೆಯೆದ್ದು 1804ರಲ್ಲಿ ಸ್ವತಂತ್ರ ಹೈಟಿ ಕಟ್ಟಿದವರ ಧರ್ಮ. ‘ಕೌಂಟ್ ಝೀರೊ’ದ ಜಾಲದಲ್ಲಿ ಓಡಾಡುವ ದೇವತೆಗಳು ನಿಜಕ್ಕೂ ‘ನ್ಯೂರೋಮ್ಯಾನ್ಸರ್’ನ ಕೊನೆಗೆ ಒಂದಾದ ಆ ಎಐ ಒಡೆದು ಆದ ಚೂರುಗಳು. ಶ್ರೀಮಂತ ಕುಟುಂಬವೊಂದು ಮಾಡಿಸಿದ ತಂತ್ರಾಂಶದ ಚೂರುಗಳಿಗೆ ಆ ದೇವತೆಗಳ ಹೆಸರಿಟ್ಟಾಗ ಓದುಗರಿಗೆ ರೋಮಾಂಚನವಾಗುತ್ತದೆ, ಸರಿ. ಆ ದೇವತೆಗಳಿಗೆ, ಅವರನ್ನು ನಂಬಿದವರಿಗೆ ದಕ್ಕಿದ್ದೇನು?

ಭಾರತದ ಮೇಲೂ ಇಂಥ ಕಣ್ಣು ಬಿದ್ದಿದೆ. ಇಯಾನ್ ಮೆಕ್‌ಡೊನಾಲ್ಡ್ ಅವರ ‘ರಿವರ್ ಆಫ್ ಗಾಡ್ಸ್’ (2004) ನಡೆಯುವುದು 2047ರ ವಾರಾಣಸಿಯಲ್ಲಿ. ಹದ್ದು ಮೀರಿದ ಎಐಗಳನ್ನು ಬೇಟೆಯಾಡುವ ಪೊಲೀಸರಿಗೆ ಕೃಷ್ಣನ ಹೆಸರು. ಅವರಲ್ಲೊಬ್ಬನಾದ ನಂದನ ತಂತ್ರಾಂಶಗಳಿಗೆಲ್ಲ ನಮ್ಮ ದೇವರುಗಳ ರೂಪ. ಆ ಅಲಂಕಾರಕ್ಕಿಂತ ನನಗೆ ಹಿಡಿಸಿದ್ದು ಅದೇ ಪುಸ್ತಕದ ಟಿವಿ ಧಾರಾವಾಹಿ. ನಟರೆಲ್ಲ ಎಐಗಳು, ಅವರ ಖಾಸಗಿ ಬದುಕಿನ ಗಾಸಿಪ್ಪಿಗೂ ಜನ ಮುಗಿಬೀಳುತ್ತಾರೆ. ಆರತಿ-ಮಂತ್ರ ಯಾವುದೂ ಇಲ್ಲದೆ, ಭಕ್ತಿ ಹೇಗೆ ಮಾರಾಟವಾಗುತ್ತದೆ ಎಂದು ಅಲ್ಲಿ ನೇರವಾಗಿ ಕಾಣುತ್ತದೆ.

ಕಡೆಯದಾಗಿ ‘ಕೌಂಟ್ ಝೀರೊ’ದ ಆ ಹುಡುಗಿ, ಆಂಜಿ ಮಿಚೆಲ್. ಬಾಬಿಯನ್ನು ಉಳಿಸಿದವಳು ಅವಳೇ. ಅವಳ ಬಾಯಲ್ಲಿ ದೇವತೆಗಳು ಮಾತಾಡುತ್ತಾರೆ. ಭಕ್ತರಿಗೆ ಅವಳು ಕನ್ಯಾಮಾತೆ. ಆದರೆ ಅವಳ ತಲೆಯೊಳಗೆ ಬಯೋಚಿಪ್ಪಿನ ಜಾಲ ಇಟ್ಟವನು ಕಂಪನಿಯಲ್ಲಿ ವಿಜ್ಞಾನಿಯಾಗಿದ್ದ ಅವಳ ಅಪ್ಪ. ಅವನಿಗೆ ಆ ವಿದ್ಯೆ ದೊರೆತದ್ದು ಅದೇ ಎಐಗಳ ಜೊತೆ ಕುದುರಿದ ವ್ಯವಹಾರದಲ್ಲಿ. ಕೀರ್ತಿ ಬಂದದ್ದೂ ಅದರಿಂದಲೇ. ಹುಡುಗಿಯನ್ನು ಯಾರೂ ಕೇಳಲಿಲ್ಲ. ಹಳ್ಳಿಮನೆಯೊಂದರಲ್ಲಿ ರೂಡಿ ಎಂಬ ಸಾಮಾನ್ಯ ಮನುಷ್ಯ ಅವಳ ತಲೆಯನ್ನು ಸ್ಕ್ಯಾನ್ ಮಾಡಿ, ಒಳಗೆ ಹಬ್ಬಿಕೊಂಡದ್ದನ್ನು ಕಂಡು ಗಾಬರಿಯಾಗುವ ಪುಟಗಳಿವೆ. ಅಲ್ಲಿ ಲೆಗ್ಬಾನೂ ಇಲ್ಲ, ಬ್ಯಾರನ್ ಸಾಮೆದಿಯೂ ಇಲ್ಲ. ಒಂದು ಮಗುವಿಗೆ ದೊಡ್ಡವರು ಏನು ಮಾಡಿದರು ಎಂಬುದಷ್ಟೇ ಇದೆ. ಇಡೀ ಕಾದಂಬರಿಯಲ್ಲಿ ನಾನು ಅತಿ ಹೆಚ್ಚು ನಂಬುವುದು ಆ ಪುಟಗಳನ್ನು.